ಸಕ್ಕರೆ ಪ್ಯಾಕೆಟ್ ಇಟ್ಟು ತೂಗಿದ ದಿನ: ಘಾನಾದ ಗೇರುಬೀಜ ಫ್ಯಾಕ್ಟರಿಯಲ್ಲಿ ನನ್ನ ಅನುಭವ

ನಾನು ಕಾರ್ಕಳದ ಕಡೆಯವನು. ಮಂಗಳೂರಿನ ಗೇರುಬೀಜ ಫ್ಯಾಕ್ಟರಿಗಳಲ್ಲಿ ಹದಿನೇಳು ವರ್ಷ ದುಡಿದು, 2021ರಲ್ಲಿ ಘಾನಾದ ಬೋನೋ ಪ್ರಾಂತ್ಯದ ಒಂದು ಫ್ಯಾಕ್ಟರಿಗೆ ಪ್ರೊಡಕ್ಷನ್ ಮ್ಯಾನೇಜರ್ ಆಗಿ ಹೋದೆ. ಮಂಗಳೂರಿನಲ್ಲಿ ನಾವು ಒಡೆಯುತ್ತಿದ್ದ ಬೀಜದಲ್ಲಿ ಎಷ್ಟೋ ಲೋಡು ಬರುತ್ತಿದ್ದದ್ದೇ ಪಶ್ಚಿಮ ಆಫ್ರಿಕಾದಿಂದ. ಅಲ್ಲಿ ಬೆಳೆದಿದ್ದನ್ನು ಅಲ್ಲೇ ಒಡೆದರೆ ಅಲ್ಲಿನವರಿಗೆ ಕೆಲಸ ಸಿಗುತ್ತೆ, ಅಲ್ವಾ? ಆ ಆಸೆಯಿಂದಲೇ ಹೋಗಿದ್ದೆ.

2022 ಕೆಟ್ಟ ವರ್ಷ. ಶುರುವಿನಲ್ಲಿ ಡಾಲರ್‌ಗೆ ಸುಮಾರು 6 ಸೆಡಿ (ಘಾನಾದ ನಾಣ್ಯ) ಇತ್ತು, ನವೆಂಬರ್ ಹೊತ್ತಿಗೆ 13 ದಾಟಿತು. ಡಿಸೆಂಬರ್‌ನಲ್ಲಿ ಹಣದುಬ್ಬರ 54.1%. ನಮ್ಮ ತಿರುಳು ಡಾಲರ್‌ನಲ್ಲಿ ಮಾರಾಟ, ಸಿಪ್ಪೆ ತೆಗೆಯುವ ಹೆಂಗಸರ ಕಿಲೋ ಲೆಕ್ಕದ ಕೂಲಿ ಮಾತ್ರ ಸೆಡಿಯಲ್ಲಿ. ಕಿಲೋ ದರದ ಬಗ್ಗೆ ಮತ್ತೆ ಮಾತಾಡಬೇಕು ಎಂದು ಯೂನಿಯನ್‌ನವರು ಪತ್ರ ಕೊಟ್ಟರು. ಅಲ್ಲಿನ 2003ರ ಕಾರ್ಮಿಕ ಕಾನೂನಿನ ಪ್ರಕಾರ, ಕಾರ್ಮಿಕರ ಪರವಾಗಿ ಮಾತುಕತೆಗೆ ಸರ್ಟಿಫಿಕೇಟ್ ಪಡೆದ ಯೂನಿಯನ್ ಕರೆದರೆ ಮ್ಯಾನೇಜ್‌ಮೆಂಟ್ ಪ್ರಾಮಾಣಿಕವಾಗಿ ಕೂತು ಮಾತಾಡಲೇಬೇಕು.

ನಾನು ಲೆಕ್ಕದ ಹಾಳೆ ಹಿಡಿದುಕೊಂಡು ಹೋದೆ. ಸಿಪ್ಪೆ ತೆಗೆಯುವ ವಿಭಾಗದ ಪ್ರತಿನಿಧಿ, ನಾವೆಲ್ಲ ಆಂಟಿ ಅನ್ನುತ್ತಿದ್ದವರು, ಹಾಳೆ ಕಡೆ ನೋಡಲೇ ಇಲ್ಲ. "ಬಾಸ್, ಮೊದಲು ತಕ್ಕಡಿ ಹತ್ತಿರ ಬನ್ನಿ" ಅಂದರು. ಚೀಲದಿಂದ ಒಂದು ಕಿಲೋ ಸಕ್ಕರೆ ಪ್ಯಾಕೆಟ್ ತೆಗೆದು ನಮ್ಮ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಇಟ್ಟರು. 960 ಗ್ರಾಂ ತೋರಿಸಿತು. ಇನ್ನೊಂದು ಪ್ಯಾಕೆಟ್ ಇಟ್ಟರೂ ಅಷ್ಟೇ. ಸ್ಟೋರ್‌ನಿಂದ 10 ಕಿಲೋ ತೂಕದ ಕಲ್ಲು ತರಿಸಿ ಇಟ್ಟೆ. 9.6.

ನನ್ನ ಕೈಕಾಲು ತಣ್ಣಗಾಯಿತು. ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಪ್ರತಿ ಕಿಲೋಗೆ 40 ಗ್ರಾಂ ದುಡಿಮೆ ಹೋಗುತ್ತಿತ್ತು. ರಿಜಿಸ್ಟರ್ ತೆರೆದರೆ, ತಕ್ಕಡಿ ಪರೀಕ್ಷೆ ಮಾಡಿಸಿ ಐದು ತಿಂಗಳಾಗಿತ್ತು. ಅದನ್ನು ನೋಡಿಕೊಳ್ಳಬೇಕಾದವನು ನಾನೇ. ಐದು ತಿಂಗಳ ಬಾಕಿ ಕೊಡೋಣ ಎಂದರೆ ಮಾಲೀಕರು ಮೊದಲು ಒಪ್ಪಲಿಲ್ಲ. ಎರಡು ವಾರ ಹಿಂದೆ ಬಿದ್ದು ಒಪ್ಪಿಸಿದೆ, ಎರಡು ಕಂತಿನಲ್ಲಿ ಕೊಟ್ಟೆವು. ತಕ್ಕಡಿಯ ಮುಖವನ್ನು ಮೇಸ್ತ್ರಿ ಕಡೆಯಿಂದ ಹೆಂಗಸರ ಕಡೆಗೆ ತಿರುಗಿಸಿದೆವು. ಪ್ರತಿ ಸೋಮವಾರ ಕಲ್ಲು ಇಟ್ಟು ನೋಡುವುದು ಅಂತ ಆಯಿತು.

ದರದ ಮಾತು ಶುರುವಾಗಿದ್ದು ಆಮೇಲೆ. ಮೂಲ ದರ ಏರಿಸಿ, ತುಂಡಾಗದ ಇಡೀ ತಿರುಳಿಗೆ ಬೋನಸ್ ಎಂದೆ. ತುಂಡಾದರೆ ಬೆಲೆ ಸಿಕ್ಕಾಪಟ್ಟೆ ಬೀಳುತ್ತೆ. ಬರೀ ಕಿಲೋ ಲೆಕ್ಕ ಇದ್ದರೆ ಅವಸರದಲ್ಲಿ ತುಂಡು ಜಾಸ್ತಿ. ಬೋನಸ್ ಒಬ್ಬೊಬ್ಬರಿಗೆ ಬೇಡ, ಮೇಜಿಗೆ ಇಷ್ಟು ಅಂತ ಕೊಡಿ ಎಂದು ಆಂಟಿ ಹಟ ಹಿಡಿದರು. ಸೋಮಾರಿಗಳಿಗೆ ಅನುಕೂಲ ಆಗುತ್ತೆ ಅಂತ ನಾನು ಬೇಡ ಅಂದೆ. ನಾಲ್ಕು ವಾರ ನೋಡೋಣ ಎಂದರು, ಸರಿ ಅಂದೆ. ಮೊದಲು ತಮ್ಮ ಪಾಡಿಗೆ ಕೂತಿರುತ್ತಿದ್ದ ಅನುಭವಸ್ಥ ಹೆಂಗಸರು ಹೊಸ ಹುಡುಗಿಯರ ಕೈ ಹಿಡಿದು ಬೋರ್ಮಾದಿಂದ (ತಿರುಳು ಒಣಗಿಸುವ ಬಿಸಿಗಾಳಿಯ ಒಲೆ) ಬಂದ ತಿರುಳನ್ನು ಎಲ್ಲಿ ಒತ್ತಬೇಕು ಅಂತ ಹೇಳಿಕೊಡತೊಡಗಿದರು. ದಿನಕ್ಕೆ ಮೂರು ಕ್ರೇಟ್ ತುಂಬುತ್ತಿದ್ದ ತುಂಡು ಎರಡಕ್ಕೆ ಇಳಿಯಿತು. ನನ್ನ ಎಣಿಕೆ ತಪ್ಪಾಗಿತ್ತು.

ಆದರೆ ದೊಡ್ಡ ತೊಂದರೆ ಕಚ್ಚಾ ಬೀಜದ್ದು. ಕೊಯ್ಲು ಫೆಬ್ರವರಿಯಿಂದ ಮೇ, ಜೂನ್ ತನಕ ಮಾತ್ರ. ವರ್ಷಕ್ಕೆ ಬೇಕಾದ್ದನ್ನು ಆಗಲೇ ಕೊಂಡಿಡಬೇಕು. 2022ರ ಕೊನೆಗೆ ಘಾನಾದ ಕೇಂದ್ರ ಬ್ಯಾಂಕಿನ ಬಡ್ಡಿಯೇ 27%. ಫ್ಯಾಕ್ಟರಿಗೆ ಸಾಲ ಅದಕ್ಕಿಂತ ದುಬಾರಿ. ಭಾರತ, ವಿಯೆಟ್ನಾಂ ಫ್ಯಾಕ್ಟರಿಗಳಿಗೆ ಬೀಜ ಕಳಿಸುವ ವ್ಯಾಪಾರಿಗಳು ನಗದು ಹಿಡಿದು ಸಾಂಪಾದಂಥ ಗಡಿ ಸಂತೆಗಳಿಗೆ ಇಳಿದರೆ ನಮ್ಮಂಥವರಿಗೆ ಉಳಿಯುವುದು ಸ್ವಲ್ಪ. ದಾಸ್ತಾನು ಮುಗಿದರೆ ಹೆಂಗಸರು ಮನೆಗೆ.

ಯೂನಿಯನ್ ಒಪ್ಪಂದದಲ್ಲಿ ಇದಕ್ಕೂ ಒಂದು ಸಾಲು ಸೇರಿಸಿತು. ಗೋದಾಮಿನಲ್ಲಿ ಎಷ್ಟು ವಾರದ ಬೀಜ ಇದೆ ಅಂತ ಗೇಟಿನ ಬಳಿ ಬೋರ್ಡ್‌ನಲ್ಲಿ ಬರೆಯಬೇಕು. ಗುಟ್ಟು ಹೊರಗೆ ಹೋಗುತ್ತೆ ಅಂತ ಆಫೀಸಿನಲ್ಲಿ ಗೊಣಗಿದರು. ಈಗ ಬೋರ್ಡ್‌ನಲ್ಲಿ ಹತ್ತಕ್ಕಿಂತ ಕಡಿಮೆ ಬಂದರೆ ಆಂಟಿ ಮನೆಯವರು ಜೋಳ ಬಿತ್ತೋಕೆ ಹೊಲ ಹದ ಮಾಡಲು ಶುರು ಮಾಡುತ್ತಾರೆ.