ರಟ್ಟು ಕತ್ತರಿಸಿ ಮಾನಿಟರ್ ಆರಿಸಿದ ಕತೆ

ಮೇಜಿನ ಮೇಲೆ ಖಾಲಿ ರಟ್ಟು ನಿಲ್ಲಿಸಿಕೊಂಡು ಅದರ ಮುಂದೆ ನಾಲ್ಕು ದಿನ ಕೂತಿದ್ದೆ. ತಮ್ಮ ಬಾಗಿಲಲ್ಲಿ ನಿಂತು "ಅಣ್ಣ, ಪಿಕ್ಚರ್ ಕ್ಲಿಯರ್ ಬರ್ತಿದೆಯಾ?" ಅಂತ ಕೇಳಿ ಓಡಿಹೋದ. ಗೆಳೆಯನೊಬ್ಬ ಇನ್ನೂ ಖಾರವಾಗಿ ಹೇಳಿದ: "ಲೋ, ನಿನ್ನ ಕಾರ್ಡಿಗೆ 1440ಪಿ ಭಾರ ಕಣೋ. ಸುಮ್ನೆ 24 ಇಂಚಿನ 1080ಪಿ ತಗೊಂಡು ತೆಪ್ಪಗಿರು." ಅದಾಗಿ ಆರೇಳು ತಿಂಗಳು ಕಳೆದಿದೆ. 27 ಇಂಚಿನ 1440ಪಿ, 165 ಹರ್ಟ್ಸ್ ಐಪಿಎಸ್ ಮಾನಿಟರ್ ಅದೇ ಹಳೇ ಗ್ರಾಫಿಕ್ಸ್ ಕಾರ್ಡಿನ ಜೊತೆ ಆರಾಮಾಗಿ ಓಡುತ್ತಿದೆ. (1080ಪಿ, 1440ಪಿ ಅಂದರೆ ಪರದೆಯಲ್ಲಿ ಮೇಲಿಂದ ಕೆಳಕ್ಕೆ ಅಷ್ಟು ಸಾಲು ಪಿಕ್ಸೆಲ್, ಅಂದರೆ ಚುಕ್ಕೆ. ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವುದು. ಐಪಿಎಸ್ ಪ್ಯಾನೆಲ್‌ನ ಒಂದು ಬಗೆ.) ನಕ್ಕವರನ್ನೂ ಸೇರಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ನಾನು ಕೊಂಡ ಮೊದಲ ಮಾನಿಟರಿನ ಬೆಲೆ 100 ಅಂತ ಇಟ್ಟುಕೊಳ್ಳಿ. ಅದು 27 ಇಂಚು, 1080ಪಿ, 75 ಹರ್ಟ್ಸ್. ದೊಡ್ಡದು, ಅಗ್ಗ, ಐಪಿಎಸ್, ಇನ್ನೇನು ಬೇಕು ಅಂದುಕೊಂಡೆ. ಗೇಮಿನಲ್ಲಿ ಅಷ್ಟೇನೂ ತೊಂದರೆ ಅನಿಸಲಿಲ್ಲ. ಆದರೆ ಅಕ್ಷರ ಓದಲು ಕೂತರೆ ಕಣ್ಣಿಗೆ ಮರಳು ಬಿದ್ದ ಹಾಗೆ. ಆ ಅಳತೆಗೆ ಇಂಚಿಗೆ ಸುಮಾರು 82 ಪಿಕ್ಸೆಲ್ ಅಷ್ಟೇ ಸಿಗುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ನಡೆಯುತ್ತದೆ, ಕನ್ನಡದ ಒತ್ತಕ್ಷರ ನಡೆಯುವುದಿಲ್ಲ. "ಸ್ವಾತಂತ್ರ್ಯ" ಅಂತ ಸಣ್ಣ ಅಕ್ಷರದಲ್ಲಿ ಬರೆದರೆ ಕೊನೆಯ ಎರಡು ಒತ್ತು ಸೇರಿ ಒಂದು ಇರುವೆ ಸತ್ತ ಹಾಗೆ ಕಾಣುತ್ತಿತ್ತು. ಎಂಟು ತಿಂಗಳು ತಡೆದುಕೊಂಡು ಮಾರಿದೆ. ಸಿಕ್ಕಿದ್ದು 55.

ಎರಡನೆಯದು ಗೇಮಿಂಗ್ ಅಂತ ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿದ್ದ ಬಾಗಿದ ಪರದೆ. 24 ಇಂಚು, 1080ಪಿ, ವಿಎ ಅನ್ನುವ ಇನ್ನೊಂದು ಬಗೆಯ ಪ್ಯಾನೆಲ್, 144 ಹರ್ಟ್ಸ್, "1 ಮಿಲಿಸೆಕೆಂಡ್". ಬೆಲೆ 140ರ ಹತ್ತಿರ. ಇದರಲ್ಲಿ ಆದ ಅವಮಾನವನ್ನು ಹೇಳಲೇಬೇಕು. ಮೂರು ವಾರ ಸಿಕ್ಕಸಿಕ್ಕವರಿಗೆಲ್ಲ 144 ಹರ್ಟ್ಸ್ ಅಂದರೆ ಬೆಣ್ಣೆ, ಬೆಣ್ಣೆ ಅಂತ ಜಂಬ ಕೊಚ್ಚಿಕೊಂಡೆ. ಆಮೇಲೆ ಏನೋ ಹುಡುಕಲು ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದರೆ ಅಲ್ಲಿ 60 ಅಂತ ಇತ್ತು. ಮೂರು ವಾರವೂ 60ರಲ್ಲೇ ಓಡಿತ್ತು! ಪಕ್ಕದಲ್ಲಿ ಕೂತು "ಸಖತ್ ಸ್ಮೂತ್ ಅಣ್ಣ" ಅಂದಿದ್ದ ತಮ್ಮನಿಗೆ ಇವತ್ತಿನವರೆಗೂ ಇದನ್ನು ಹೇಳಿಲ್ಲ. ಅಂದಿನಿಂದ ಬೇರೆಯವರ ಕಣ್ಣಿನ ಸಾಕ್ಷಿ ಹೋಗಲಿ, ನನ್ನ ಕಣ್ಣನ್ನೇ ನಂಬುವುದನ್ನು ಬಿಟ್ಟಿದ್ದೇನೆ.

ವಿಎ ಬಗ್ಗೆ ಸುಳ್ಳು ಹೇಳಬಾರದು. ರಾತ್ರಿ ದೀಪ ಆರಿಸಿ ಸಿನಿಮಾ ನೋಡಿದರೆ ಕಪ್ಪು ನಿಜವಾಗಿಯೂ ಕಪ್ಪೇ. ಐಪಿಎಸ್‌ನಲ್ಲಿ ಕಾಂಟ್ರಾಸ್ಟ್, ಅಂದರೆ ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಗುತ್ತದೆ ಅನ್ನುವುದು, ಸಾಮಾನ್ಯವಾಗಿ 1000ಕ್ಕೆ 1 ಇದ್ದರೆ ಇದರಲ್ಲಿ 3000ಕ್ಕೆ 1ರ ಆಸುಪಾಸು ಇರುತ್ತದೆ. ಆದರೆ ಗುಹೆಯಂಥ ಕತ್ತಲೆ ಜಾಗದಲ್ಲಿ ಕ್ಯಾಮೆರಾ ತಿರುಗಿಸಿದ ಕೂಡಲೇ ಮಸಿ ಬಳಿದಂತೆ ಬಾಲ ಎಳೆಯುತ್ತಿತ್ತು. ಅಗ್ಗದ ವಿಎಗಳಿಗೆ ಗಾಢ ಬಣ್ಣದಿಂದ ಸ್ವಲ್ಪವೇ ತಿಳಿಯಾದ ಬಣ್ಣಕ್ಕೆ ಏರಲು ತುಂಬಾ ಹೊತ್ತು ಬೇಕು, ಅದರ ಫಲ ಇದು. ದಿನದ ಕೆಲಸಕ್ಕೂ ಇದು ಕಾಟ ಕೊಟ್ಟಿತು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಇಟ್ಟು ಪುಟ ಸರಿಸಿದರೆ ಅಕ್ಷರವೆಲ್ಲ ಮಂಕಾಗಿ ಕರಗುತ್ತಿತ್ತು. ಕಾರ್ಡ್ ಚಿತ್ರ ಕೊಡುವ ವೇಗಕ್ಕೆ ತಕ್ಕಂತೆ ಪರದೆಯ ಹರ್ಟ್ಸ್ ಹೊಂದಿಸುವ ಫ್ರೀಸಿಂಕ್ ಹಾಕಿದರೆ ಲೋಡಿಂಗ್ ಪರದೆಯಲ್ಲಿ ಬೆಳಕು ಪಟಪಟ ಅಂತ ಮಿಣುಕುತ್ತಿತ್ತು. ಆ "1 ಮಿಲಿಸೆಕೆಂಡ್" ಎಲ್ಲಿಂದ ಬಂತು ಅಂತ ಕೈಪಿಡಿ ತಿರುವಿದಾಗ ಗೊತ್ತಾಯಿತು, ಅದು ಎಂಪಿಆರ್‌ಟಿ. ಅಂದರೆ ಹಿಂಬೆಳಕನ್ನು ಆರಿಸಿ ಹೊತ್ತಿಸಿ ಸಾಧಿಸಿದ ಅಂಕಿ, ಪಿಕ್ಸೆಲ್ ಬಣ್ಣ ಬದಲಿಸುವ ವೇಗ ಅಲ್ಲ. ಆ ಮೋಡ್ ಹಾಕಿದರೆ ಪರದೆ ಮಬ್ಬಾಗುತ್ತದೆ, ನನ್ನದರಲ್ಲಿ ಫ್ರೀಸಿಂಕೂ ನಿಂತುಹೋಗುತ್ತಿತ್ತು. ಇದನ್ನು 95ಕ್ಕೆ ಮಾರಿದೆ. ಎರಡೂ ಸೇರಿ ಕೈಬಿಟ್ಟಿದ್ದು 90. ಹತ್ತಿರ ಹತ್ತಿರ ಇನ್ನೊಂದು ಮಾನಿಟರೇ ಬರುತ್ತಿತ್ತು.

ಮೂರನೇ ಸಲ ವಿಡಿಯೊ, ವಿಮರ್ಶೆ ಎಲ್ಲ ಪಕ್ಕಕ್ಕಿಟ್ಟೆ. ಮಾನಿಟರ್ ಮನೆಗೆ ಬರುವ ಮೊದಲೇ ಅದನ್ನು ಮನೆಯಲ್ಲಿ ಅನುಭವಿಸಿ ನೋಡಲು ಆಗುತ್ತದಾ ಅಂತ ಯೋಚಿಸಿದೆ. ಪೂರ್ತಿ ಆಗುವುದಿಲ್ಲ, ಆದರೆ ಮುಕ್ಕಾಲು ಪಾಲು ಆಗುತ್ತದೆ. ಖರ್ಚೂ ಇಲ್ಲ. ವಿಎ ಮಾನಿಟರ್ ಮಾರುವ ಮೊದಲೇ ಈ ಕೆಲಸ ಮುಗಿಸಿಕೊಂಡೆ.

ಒಂದು ಹಳೇ ನೋಟ್‌ಬುಕ್‌ನಲ್ಲಿ ಎರಡು ವಾರ ಬರೆದಿಟ್ಟೆ, ಪರದೆ ಮುಂದೆ ಎಷ್ಟು ಹೊತ್ತು ಏನು ಮಾಡಿದೆ ಅಂತ. ನೆನಪಿನಲ್ಲಿರುವ ಹಾಗೆ ಒಟ್ಟು 90 ಗಂಟೆ. ಅದರಲ್ಲಿ ಓದು, ಬರೆಹ, ಬ್ರೌಸರ್ 60ರ ಮೇಲೆ. ವಿಡಿಯೊ 15ರ ಹತ್ತಿರ. ಗೇಮ್ ಉಳಿದ 15. ಆ 15ರಲ್ಲೂ ವೇಗದ ಶೂಟಿಂಗ್ ಐದೇ ಗಂಟೆ, ಮಿಕ್ಕಿದ್ದೆಲ್ಲ ನಿಧಾನದ ಕತೆ ಗೇಮ್. ನಾನು ದೊಡ್ಡ ಗೇಮರ್ ಅಂದುಕೊಂಡಿದ್ದೆ. ಲೆಕ್ಕ ನೋಡಿದರೆ ಗೇಮ್ ಆಡುವ ಗುಮಾಸ್ತ! 240 ಹರ್ಟ್ಸ್ ಆಸೆ ಅಂದೇ ಬಿಟ್ಟೆ.

ಆಮೇಲೆ ರಟ್ಟು. ಫ್ರಿಜ್ ಬಂದಿದ್ದ ಪೆಟ್ಟಿಗೆಯಿಂದ ಮೂರು ತುಂಡು ಕತ್ತರಿಸಿದೆ. 24 ಇಂಚಿಗೆ ಸುಮಾರು 53 ಸೆಂಟಿಮೀಟರ್ ಅಗಲ, 30 ಎತ್ತರ. 27ಕ್ಕೆ 60, 34. 32ಕ್ಕೆ 70, 39. ಕಣ್ಣಿಂದ ಪರದೆಗೆ ನನ್ನ ದೂರ 65 ಸೆಂಟಿಮೀಟರ್. ನನ್ನ ಮೇಜು ಇದಕ್ಕಿಂತ ಹಿಂದೆ ಹೋಗುವುದಿಲ್ಲ. ರಟ್ಟಿನ ನಾಲ್ಕೂ ಮೂಲೆಗೆ ಸಣ್ಣ ಚೀಟಿ ಅಂಟಿಸಿ, ಗೇಮಿನಲ್ಲಿ ಮ್ಯಾಪ್ ಬರುವ ಜಾಗಕ್ಕೂ ಒಂದು ಅಂಟಿಸಿ, ಕುತ್ತಿಗೆ ತಿರುಗಿಸದೆ ಓದಲು ಆಗುತ್ತದಾ ಅಂತ ನೋಡಿದೆ. 32ರಲ್ಲಿ ಆಗಲಿಲ್ಲ. ತಲೆ ಆ ಕಡೆ ಈ ಕಡೆ ಆಡಿಸಬೇಕಾಯಿತು. ಅಲ್ಲದೆ 32ರಲ್ಲಿ 1440ಪಿ ಅಂದರೆ ಇಂಚಿಗೆ 92ರಷ್ಟು ಪಿಕ್ಸೆಲ್, ಅಂದರೆ 24ರ 1080ಪಿಯಷ್ಟೇ. ಜಾಸ್ತಿ ದುಡ್ಡು ಕೊಟ್ಟು ಅದೇ ದಪ್ಪ ಅಕ್ಷರ. 27ರಲ್ಲಿ 1440ಪಿ ಆದರೆ 109 ಬರುತ್ತದೆ. ಸ್ಕೇಲಿಂಗ್ ಹಾಕದೆ, ಅಂದರೆ ಅಕ್ಷರ ಹಿಗ್ಗಿಸದೆ, ಒತ್ತಕ್ಷರ ಬಿಡಿಸಿ ಕಾಣಲು ನನಗೆ ಅಷ್ಟು ಬೇಕು. 4ಕೆ ಮಾತು ಬೇಡ, ನನ್ನ ಕಾರ್ಡ್ ಹೊಗೆ ಬಿಡುತ್ತದೆ.

ಈಗ ಗೆಳೆಯ ಹೇಳಿದ "ಭಾರ"ದ ವಿಷಯ. 1080ಪಿಗಿಂತ 1440ಪಿಯಲ್ಲಿ ಪಿಕ್ಸೆಲ್ 1.78 ಪಟ್ಟು. ಸುಮಾರು 21 ಲಕ್ಷದಿಂದ 37 ಲಕ್ಷಕ್ಕೆ ಏರುತ್ತದೆ. ಆದರೆ ಇದನ್ನು ಊಹಿಸುವ ಅಗತ್ಯವೇ ಇಲ್ಲ. ಎನ್‌ವಿಡಿಯಾ ಕಂಪನಿಯ ಕಾರ್ಡ್ ಆದರೆ ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಡಿಎಸ್‌ಆರ್ ಅಂತ ಇದೆ, ಎಎಂಡಿ ಕಾರ್ಡಿನಲ್ಲಿ ವಿಎಸ್‌ಆರ್. ಡಿಎಸ್‌ಆರ್‌ನಲ್ಲಿ 1.78 ಆರಿಸಿದರೆ 1080ಪಿ ಪರದೆಯಲ್ಲೇ ಗೇಮ್ 2560x1440ರಲ್ಲಿ ತಯಾರಾಗಿ, ಕುಗ್ಗಿ ಬರುತ್ತದೆ. ಚಿತ್ರ ಹೇಗಾದರೂ ಇರಲಿ, ಕಾರ್ಡಿನ ಮೇಲೆ ಬೀಳುವ ಭಾರ ಹೆಚ್ಚುಕಮ್ಮಿ ಅಷ್ಟೇ. ಫ್ರೇಮುಗಳನ್ನು ಪರದೆಯ ಹರ್ಟ್ಸ್‌ಗೆ ಕಟ್ಟಿಹಾಕುವ ವಿಸಿಂಕ್ ಆಫ್ ಮಾಡಿ ಅಳೆದೆ. ಶೂಟಿಂಗ್ ಗೇಮ್ ಸೆಕೆಂಡಿಗೆ 130 ಫ್ರೇಮಿನಿಂದ (ಫ್ರೇಮ್ ಅಂದರೆ ಒಂದು ಚಿತ್ರ) 85–90ಕ್ಕೆ ಇಳಿಯಿತು. ಕತೆ ಗೇಮ್ 75ರಿಂದ 48ಕ್ಕೆ. ನೆರಳು, ಪ್ರತಿಬಿಂಬ ಒಂದು ಮೆಟ್ಟಿಲು ಇಳಿಸಿದೆ, 60ರ ಮೇಲೆ ಬಂತು. ಅಷ್ಟೇ! ಇಷ್ಟಕ್ಕೆ ಗೆಳೆಯ ಹೊಸ ಕಾರ್ಡ್ ತಗೋ ಅಂದಿದ್ದ.

ಈ 60–90ರ ನಡುವೆ ಕುಣಿಯುವ ಫ್ರೇಮುಗಳಿಗೆ ವೇರಿಯಬಲ್ ರಿಫ್ರೆಶ್ (ಫ್ರೀಸಿಂಕ್ ಥರದ್ದು) ಇಲ್ಲದಿದ್ದರೆ ಮಾತ್ರ ನನ್ನ ಯೋಜನೆ ತೋಪಾಗುತ್ತಿತ್ತು. ಹಿಂದೆ ಎನ್‌ವಿಡಿಯಾ ಕಾರ್ಡ್ ಇದ್ದವರು ಇದಕ್ಕಾಗಿ ಅದೇ ಕಂಪನಿಯ ಜಿಸಿಂಕ್ ಮಾಡ್ಯೂಲ್ ಒಳಗಿರುವ ದುಬಾರಿ ಮಾನಿಟರೇ ಕೊಳ್ಳಬೇಕಿತ್ತು. 2019ರ ಜನವರಿಯಲ್ಲಿ ಎನ್‌ವಿಡಿಯಾದವರು ತಮ್ಮ ಡ್ರೈವರಿನಲ್ಲಿ ಅಡಾಪ್ಟಿವ್ ಸಿಂಕ್‌ಗೆ, ಅಂದರೆ ಫ್ರೀಸಿಂಕ್ ಮಾನಿಟರುಗಳಲ್ಲಿರುವ ಪದ್ಧತಿಗೆ, ಬಾಗಿಲು ತೆರೆದ ಮೇಲೆ ನಮ್ಮಂಥವರು ಬದುಕಿಕೊಂಡೆವು. ನಾನು ನೋಡಿದ್ದು ಅದು ಕೆಲಸ ಮಾಡುವ ಹರ್ಟ್ಸ್ ವ್ಯಾಪ್ತಿ ಒಂದನ್ನೇ. 48ರಿಂದ 165 ಇದ್ದರೆ ಚಿಂತೆ ಇಲ್ಲ, 48ರ ಕೆಳಗೆ ಬಿದ್ದರೂ ಪ್ರತಿ ಫ್ರೇಮನ್ನು ಎರಡು ಸಲ ತೋರಿಸಿ ಸಂಭಾಳಿಸುತ್ತದೆ. 48ರಿಂದ 75 ಅಂತ ಇರುವ ಅಗ್ಗದ ಮಾನಿಟರುಗಳಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ನನ್ನ ಕಾರ್ಡಿನಲ್ಲಿ ಇದಕ್ಕೆ ಡಿಸ್‌ಪ್ಲೇಪೋರ್ಟ್ ಕೇಬಲ್ಲೇ ಆಗಬೇಕು.

ಹೊಸದಾಗಿ ಕೊಂಡಿದ್ದರೆ 200 ಆಗುತ್ತಿತ್ತು. ನಾನು ಕೊಟ್ಟಿದ್ದು 160. ಯಾರೋ ಕೊಂಡು, ಪೆಟ್ಟಿಗೆ ಬಿಚ್ಚಿ, ವಾಪಸ್ ಕಳಿಸಿದ್ದು. ವಾರಂಟಿ ಪೂರ್ತಿ ಇತ್ತು, ಹತ್ತು ದಿನದಲ್ಲಿ ಹಿಂದಿರುಗಿಸುವ ಅವಕಾಶವೂ ಇತ್ತು. ಅಂಥದ್ದು ಯಾವ ಹೊತ್ತಿನಲ್ಲಿ ಹುಡುಕಿದರೆ ಸಿಗುತ್ತದೆ, ಏನಂತ ಹುಡುಕಬೇಕು ಅಂತ ಮಾತ್ರ ಕೇಳಬೇಡಿ. ನನಗೆ ಇನ್ನೊಂದು ಮಾನಿಟರ್ ಬೇಕಿದೆ.

ಬಂದ ರಾತ್ರಿಯೇ ಪರೀಕ್ಷೆ. ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಪರದೆ ತುಂಬಿಸಿ ಸತ್ತ ಪಿಕ್ಸೆಲ್ ಹುಡುಕಿದೆ. ಒಂದೂ ಇರಲಿಲ್ಲ. ಕಪ್ಪಿನಲ್ಲಿ ಎಡಗಡೆ ಕೆಳಮೂಲೆ ಬೆಳ್ಳಗೆ ಕಂಡಿತು. ಎದೆ ಧಸಕ್ಕೆಂದಿತು. ಎದ್ದು ಎರಡು ಮೀಟರ್ ಹಿಂದೆ ಹೋದೆ, ಬೆಳಕು ಮುಕ್ಕಾಲು ಪಾಲು ಮಾಯ. ಜಾಗ ಬದಲಿಸಿದರೆ ಬದಲಾಗುವುದು ಐಪಿಎಸ್‌ನ ಹುಟ್ಟುಗುಣ. ಎಲ್ಲಿಂದ ನೋಡಿದರೂ ಅಲ್ಲೇ ಇದ್ದರೆ ಅದು ಬೆಳಕು ಸೋರುವುದು, ಅದನ್ನು ವಾಪಸ್ ಕಳಿಸಬೇಕು. ಹಿಂದಿನವರು ಬಹುಶಃ ಈ ವ್ಯತ್ಯಾಸ ಗೊತ್ತಾಗದೇ ಕಳಿಸಿರಬೇಕು. ಅವರಿಗೆ ದೊಡ್ಡ ನಮಸ್ಕಾರ.

ಹಿಂಬೆಳಕು ಮಿಣುಕುತ್ತದಾ ಅಂತ ಬಿಳಿ ಪರದೆ ಮುಂದೆ ಪೆನ್ಸಿಲನ್ನು ಬೀಸಣಿಗೆ ಹಾಗೆ ಬೀಸಿದೆ. ಬೇರೆ ಬೇರೆ ಪೆನ್ಸಿಲುಗಳ ಸಾಲು ಕಂಡರೆ ಮಿಣುಕುತ್ತಿದೆ ಅಂತ ಅರ್ಥ. ನಯವಾದ ಮಬ್ಬು ಕಂಡಿತು. ಬ್ರೈಟ್‌ನೆಸ್ ತಗ್ಗಿಸಿ ಇನ್ನೊಮ್ಮೆ ಬೀಸಿ, ಕಾಟ ಕೊಡುವುದು ತಗ್ಗಿಸಿದಾಗಲೇ.

ಡೀಫಾಲ್ಟ್ ಬ್ರೈಟ್‌ನೆಸ್ 80ರ ಮೇಲಿತ್ತು. ಪಕ್ಕದಲ್ಲಿ ಬಿಳಿ ಹಾಳೆ ಹಿಡಿದು, ಪರದೆಯ ಬಿಳಿ ಹಾಳೆಯ ಬಿಳಿಗೆ ಹೊಂದುವವರೆಗೆ ಇಳಿಸುತ್ತಾ ಬಂದೆ. 30ರ ಸುಮಾರಿಗೆ ನಿಂತಿತು. ಸಂಜೆ ಹೊತ್ತಿಗೆ ತಲೆನೋವು ಬರುತ್ತಿದ್ದದ್ದು ಇದರಿಂದಲೇ ನಿಂತಿತು ಅಂತ ನನ್ನ ನಂಬಿಕೆ.

ಪಿಕ್ಸೆಲ್ ಬೇಗ ಬಣ್ಣ ಬದಲಿಸಲಿ ಅಂತ ದೂಡುವ ಓವರ್‌ಡ್ರೈವ್ ಸೆಟ್ಟಿಂಗ್ ಜೊತೆ ಒಂದಿಡೀ ಭಾನುವಾರ ಕಳೆದೆ. ಮೂರು ಹಂತ ಇದೆ. ಕೊನೆಯ ಹಂತ ಹಾಕಿದರೆ ಓಡುವ ವಸ್ತುವಿನ ಹಿಂದೆ ಬಿಳಿಚಿದ ನೆರಳು ಬರುತ್ತದೆ. ಜಾಹೀರಾತಿನ ಅಂಕಿ ಬರುವುದು ಆ ಹಂತದಲ್ಲೇ, ಬಳಸಲು ಬಾರದ ಹಂತದಲ್ಲಿ. ನಡುವಿನದು 165ರಲ್ಲಿ ಚೆನ್ನಾಗಿದೆ, ಆದರೆ ಫ್ರೇಮು 60ಕ್ಕೆ ಇಳಿದಾಗ ಅದೇ ನೆರಳು ಮತ್ತೆ ಹಣಕುತ್ತದೆ. ಹಾಗಾಗಿ ಶೂಟಿಂಗ್‌ಗೆ ಒಂದು ಪ್ರೊಫೈಲ್, ಕತೆ ಗೇಮಿಗೆ ಇನ್ನೊಂದು ಇಟ್ಟಿದ್ದೇನೆ. ಫ್ರೇಮ್ ಮಿತಿಯನ್ನೂ ಪರದೆಯ ಗರಿಷ್ಠಕ್ಕಿಂತ ಸ್ವಲ್ಪ ಕೆಳಗೆ ಕಟ್ಟಿದ್ದೇನೆ. ಎಷ್ಟು ಕೆಳಗೆ ಅನ್ನುವುದು ನನ್ನ ಗುಟ್ಟು. ಕೂತು ಹುಡುಕಿ, ನಿಮ್ಮ ಅಂಕಿ ನಿಮಗೆ ಸಿಗುತ್ತದೆ.

ಎಚ್‌ಡಿಆರ್ 400 ಅಂತ ಒಂದು ಸ್ಟಿಕ್ಕರೂ ಇದೆ. ಎಚ್‌ಡಿಆರ್ ಅಂದರೆ ಬೆಳಕು ಕತ್ತಲೆಯ ಅಂತರ ಹಿಗ್ಗಿಸಿ ತೋರಿಸುವುದು. ಒಂದು ಸಲ ಹಾಕಿದೆ, ಕಪ್ಪೆಲ್ಲ ಬೂದಿಯಾಯಿತು, ತೆಗೆದೆ. ಆ ದರ್ಜೆಗೆ ಲೋಕಲ್ ಡಿಮ್ಮಿಂಗ್, ಅಂದರೆ ಕತ್ತಲೆ ಇರುವ ಜಾಗದಲ್ಲಿ ಮಾತ್ರ ಹಿಂಬೆಳಕು ತಗ್ಗಿಸುವುದು, ಕಡ್ಡಾಯವೇ ಅಲ್ಲ. ಇಡೀ ಪರದೆ ಒಟ್ಟಿಗೆ ಬೆಳಗಿದರೆ ಕಪ್ಪು ಎಲ್ಲಿ ಉಳಿಯಬೇಕು?

ನಡುವೆ ಒಂದು ತರಲೆ ಪ್ರಯೋಗವನ್ನೂ ಮಾಡಿದೆ. ಮನೆಗೆ ಬಂದ ಐದು ಜನರನ್ನು ಕೂರಿಸಿ, ಹೇಳದೆ ಹರ್ಟ್ಸ್ ಬದಲಿಸುತ್ತಾ ಹೋದೆ. ಮೌಸ್ ಅವರ ಕೈಯಲ್ಲೇ ಕೊಟ್ಟಿದ್ದೆ, ಯಾಕೆಂದರೆ ಪಕ್ಕದಲ್ಲಿ ಕೂತು ನೋಡಿದರೆ ಏನಾಗುತ್ತದೆ ಅಂತ ತಮ್ಮನಿಂದ ಕಲಿತಿದ್ದೆ. 60 ಯಾವುದು, 120 ಯಾವುದು ಅಂತ ಐವರೂ ಹೇಳಿದರು. 120 ಮತ್ತು 165 ಇಟ್ಟಾಗ ಇಬ್ಬರು ಸರಿ, ಇಬ್ಬರು ತಪ್ಪು, ಒಬ್ಬ "ಕಾಫಿ ಎಲ್ಲಿ?" ಅಂದ. ಲೆಕ್ಕವೂ ಹಾಗೇ ಹೇಳುತ್ತದೆ. 60ರಲ್ಲಿ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್, 120ರಲ್ಲಿ 8.3, 165ರಲ್ಲಿ 6.1. ಮೊದಲ ಜಿಗಿತದಲ್ಲಿ ಎಂಟು ಮಿಲಿಸೆಕೆಂಡ್ ಗಳಿಸಿದರೆ ಎರಡನೆಯದರಲ್ಲಿ ಎರಡು ಚಿಲ್ಲರೆ. ಬಜೆಟ್ ಬಿಗಿ ಇದ್ದರೆ ಎಲ್ಲಿ ನಿಲ್ಲಬೇಕು ಅಂತ ಇದೇ ಹೇಳುತ್ತದೆ.

ಸ್ಟ್ಯಾಂಡ್ ದರಿದ್ರ. ಬಾಗುತ್ತದೆ, ಮೇಲೆ ಕೆಳಗೆ ಹೋಗುವುದಿಲ್ಲ. ಎರಡು ತಿಂಗಳು ದಪ್ಪ ಪುಸ್ತಕಗಳ ಮೇಲೆ ನಿಂತಿತ್ತು. ಮಾನಿಟರಿನ ಬೆನ್ನಿಗೆ 100x100 ಮಿಲಿಮೀಟರ್ ಅಳತೆಯ ಸ್ಕ್ರೂ ತೂತುಗಳಿದ್ದದ್ದರಿಂದ ಆಮೇಲೆ ಅದನ್ನು ಎತ್ತಿ ಹಿಡಿಯುವ ಒಂದು ಸೆಕೆಂಡ್‌ಹ್ಯಾಂಡ್ ಆರ್ಮ್ ಹಾಕಿದೆ. ಅದಕ್ಕೆ 15 ಆಯಿತು. ಅಲ್ಲಿಗೆ ಒಟ್ಟು 175. ಸ್ಪೀಕರ್ ಇದೆ ಅಂತ ಬರೆದಿದ್ದಾರೆ. ಜೇನುನೊಣವನ್ನು ಡಬ್ಬಿಯಲ್ಲಿ ಹಾಕಿದ ಸದ್ದು.

ಭಾರ ಅಂದಿದ್ದ ಗೆಳೆಯ ಹೋದ ತಿಂಗಳು ಬಂದು ಒಂದು ಗಂಟೆ ಆಡಿದ. ಏನೂ ಹೇಳಲಿಲ್ಲ. ಹೋಗುವಾಗ ಆ ರಟ್ಟು ಇದೆಯೇನೋ ಅಂತ ಕೇಳಿದ. 27ರದ್ದನ್ನು ತಮ್ಮ ಏನೋ ಪ್ರಾಜೆಕ್ಟಿಗೆ ಕತ್ತರಿಸಿಬಿಟ್ಟಿದ್ದ. 32ರದ್ದರ ಮೇಲೆ ಗೆರೆ ಎಳೆದು ಕೊಟ್ಟೆ.