ಬಸ್ ತಿರುಗುವಲ್ಲಿಯವರೆಗೆ: ಘಟ್ಟದ ಒಳದಾರಿಯಲ್ಲಿ ಕ್ಯಾಂಪರ್ ಟ್ರೇಲರ್ ಪ್ರವಾಸ ಹೇಗೆ?

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳದಾರಿಗಳಲ್ಲಿ ಕಾರು ಹೇಗೋ ಸಾಗುತ್ತದೆ. ಅದರ ಹಿಂದೆ ಕ್ಯಾಂಪರ್ ಟ್ರೇಲರ್, ಅಂದರೆ ರಾತ್ರಿ ತಂಗಲು ಅನುಕೂಲವಿರುವ ಎಳೆಬಂಡಿ, ಕಟ್ಟಿದಿರೋ, ಅದೇ ದಾರಿ ಬೇರೆಯಾಗುತ್ತದೆ. ಏರು, ಹೊಂಡ, ಕೆಂಪು ಧೂಳು ಯಾವುದೂ ದೊಡ್ಡ ತೊಡಕಲ್ಲ. ತಿರುಗಿಸಲು ಜಾಗ ಸಿಗದಿರುವುದೇ ತೊಡಕು. ಒಮ್ಮೆ ಯಾಣದ ಆಸುಪಾಸಿನಲ್ಲಿ ಮೊಬೈಲ್ ನಕ್ಷೆಯ ಗೆರೆಯನ್ನು ನಂಬಿ ಹೊಕ್ಕ ದಾರಿ ಅಡಿಕೆ ತೋಟವೊಂದರ ದಣಪೆಯ (ಬೇಲಿಬಾಗಿಲಿನ) ಮುಂದೆ ಮುಗಿದುಹೋಯಿತು. ಒಂದು ಕಡೆ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ; ಇನ್ನೊಂದು ಕಡೆ ಹಳ್ಳ. ಅಡಿಕೆ ಕೊನೆ (ಗೊನೆ) ಕೊಯ್ಯುತ್ತಿದ್ದ ನಾಲ್ವರು ಕೆಲಸ ಬಿಟ್ಟು ಬಂದು, ಟ್ರೇಲರ್ ಕಳಚಿ, ಕೈಯಿಂದಲೇ ತಿರುಗಿಸಿಕೊಟ್ಟರು. ಅಂದಿನಿಂದ ನನ್ನ ನಿಯಮ ಒಂದೇ: ಆ ಊರಿನ ಬಸ್ ಎಲ್ಲಿ ತಿರುಗುತ್ತದೋ ಅಲ್ಲಿಯವರೆಗೆ ಮಾತ್ರ ಟ್ರೇಲರ್.

ಯಾವಾಗ ಹೊರಡಬೇಕು?

ನವೆಂಬರ್ ನಡುವಿನಿಂದ ಫೆಬ್ರವರಿಯವರೆಗೆ. ಮಳೆಗಾಲದಲ್ಲಿ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ರಾಷ್ಟ್ರೀಯ ಹೆದ್ದಾರಿಯ ಮೇಲೆ. ಒಳದಾರಿಯ ಧರೆ ಕುಸಿದರೆ ಸುದ್ದಿ ಹೊರಗೆ ತಲುಪುವುದೂ ತಡ.

ಭಾರ ಹೊಂದಿಸುವುದು

ಇಲ್ಲಿ ಅವಸರ ಮಾಡಬೇಡಿ. ಟ್ರೇಲರ್‌ನ ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಕಾರಿನ ಕೊಕ್ಕೆಯ ಮೇಲೆ ಕೂರಬೇಕು, 600 ಕೆ.ಜಿ. ಇದ್ದರೆ 60 ಕೆ.ಜಿ. ಹಿಂಭಾರವಾದರೆ ಇಳಿಜಾರಿನಲ್ಲಿ ಟ್ರೇಲರ್ ಅತ್ತಿತ್ತ ಬೀಸತೊಡಗಿ ಕಾರನ್ನೂ ಎಳೆದಾಡುತ್ತದೆ. ಭಾರದ ಸಾಮಾನು ಕೆಳಗೆ, ಗಾಲಿಯ ಅಚ್ಚಿನ ನೇರಕ್ಕೆ ಇರಲಿ. ನೂರು ಲೀಟರ್ ನೀರೆಂದರೆ ನೂರು ಕೆ.ಜಿ.; ಬಾವಿಗಳಿಗೆ ಬರವಿಲ್ಲದ ಸೀಮೆಯಲ್ಲಿ ಅಷ್ಟನ್ನು ಘಟ್ಟ ಹತ್ತಿಸಬೇಕಾಗಿಲ್ಲ. ಕೊಕ್ಕೆಯ ಕೆಳಗೆ ಎರಡು ಸುರಕ್ಷತಾ ಸರಪಳಿಗಳನ್ನು ಒಂದರ ಮೇಲೊಂದು ಅಡ್ಡಹಾಯುವಂತೆ ಕಟ್ಟಿ. ಕೊಕ್ಕೆ ಕಳಚಿದರೂ ಟ್ರೇಲರ್‌ನ ಮೂತಿ ರಸ್ತೆಗೆ ಬಡಿಯದೆ ಸರಪಳಿಯ ತೊಟ್ಟಿಲಿನಲ್ಲಿ ನಿಲ್ಲುತ್ತದೆ. ಮೊದಲ ಮೂವತ್ತು ಕಿ.ಮೀ. ಆದ ಮೇಲೆ ನಿಲ್ಲಿಸಿ, ಗಾಲಿಯ ನಡುಭಾಗದ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡಿ. ಒಂದು ಗಾಲಿ ಇನ್ನೊಂದಕ್ಕಿಂತ ತೀರಾ ಬಿಸಿಯಾಗಿದ್ದರೆ ಬೇರಿಂಗ್ ತೋರಿಸದೆ ಮುಂದೆ ಹೋಗಬೇಡಿ. ಟ್ರೇಲರ್‌ನ ನೋಂದಣಿ, ವಿಮೆಯ ಕಾಗದಗಳು ಜೊತೆಗಿರಲಿ.

ಘಟ್ಟ ಇಳಿಯುವುದು

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲಾಕ್ಕೆ ಅರಬೈಲು ಘಟ್ಟ. ಇಳಿಯಲು ಆರಂಭಿಸುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ವೇಗವನ್ನು ಎಂಜಿನ್ ಹಿಡಿಯಲಿ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ತಿರುವಿನಲ್ಲಿ ಟ್ರೇಲರ್‌ನ ಗಾಲಿ ಕಾರಿನ ಗಾಲಿಗಿಂತ ಒಳಗೆ ಕತ್ತರಿಸಿ ಹೋಗುತ್ತದೆ, ಚರಂಡಿಗೆ ಬೀಳುವುದು ಹೀಗೆಯೇ. ಎದುರಿನಿಂದ ವಾಹನ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಸ್ವಲ್ಪ ಹೊರಗಿನಿಂದ ತಿರುಗಿಸಿ.

ಒಳದಾರಿ ಹೊಕ್ಕುವುದು

ಪೇಟೆ ಬಿಡುವ ಮೊದಲು ಬಸ್ ನಿಲ್ದಾಣಕ್ಕೆ ಹೋಗಿ, ಆ ಊರಿಗೆ ಹೋಗುವ ಚಾಲಕರನ್ನೇ ಕೇಳಿ. ಯಾವ ಸಂಕ (ಕಿರುಸೇತುವೆ) ಗಟ್ಟಿ, ಎಲ್ಲಿ ಕಾಮಗಾರಿ, ಬಸ್ ಎಲ್ಲಿ ತಿರುಗುತ್ತದೆ ಎಲ್ಲವನ್ನೂ ಅವರಷ್ಟು ನಿಖರವಾಗಿ ಯಾವ ನಕ್ಷೆಯೂ ಹೇಳುವುದಿಲ್ಲ. ಬಸ್ ತಿರುಗುವಲ್ಲಿ ಟ್ರೇಲರ್ ಬಿಟ್ಟು ಮುಂದೆ ನಡೆಯಿರಿ, ಇಲ್ಲವೇ ಬರಿ ಕಾರಿನಲ್ಲಿ ಹೋಗಿ. ಅದಕ್ಕೂ ಮುಂದೆ ಟ್ರೇಲರ್ ಒಯ್ಯಲೇಬೇಕೆಂದರೆ, ಮೊದಲು ಪೂರ್ತಿ ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡಿ ಬನ್ನಿ.

ಹಿಂದಕ್ಕೆ ಸರಿಸುವುದನ್ನು ಊರ ಮೈದಾನದಲ್ಲೇ ಕಲಿತುಕೊಂಡು ಬರಬೇಕು. ಸ್ಟಿಯರಿಂಗ್‌ನ ಕೆಳತುದಿಯನ್ನು ಹಿಡಿಯಿರಿ; ಟ್ರೇಲರ್ ಎತ್ತ ಹೋಗಬೇಕೋ ಕೈಯೂ ಅತ್ತಲೇ ಸರಿಯಲಿ. ತುಸು ತುಸುವೇ ಸರಿಸಿ. ಒಬ್ಬರು ಹಿಂದೆ, ನಿಮ್ಮ ಕನ್ನಡಿಗೆ ಕಾಣುವಂತೆ ಬದಿಗೆ ನಿಂತಿರಲಿ.

ತಂಗುವುದು

ಖಾಲಿ ಕಂಡ ಬೇಣಕ್ಕೂ (ಹುಲ್ಲುಗಾವಲಿಗೂ) ಒಡೆಯರಿದ್ದಾರೆ. ಮನೆಯಂಗಳಕ್ಕೆ ಹೋಗಿ, "ಯಜಮಾನರೇ, ಒಂದು ರಾತ್ರಿ ಇಲ್ಲಿ ಗಾಡಿ ನಿಲ್ಲಿಸಿಕೊಳ್ಳಬಹುದೇ?" ಎಂದು ಕೇಳಿ. ಉತ್ತರಕ್ಕಿಂತ ಮೊದಲು "ಆಸರಿಗೆ ಏನು ಬೇಕು?", ಅಂದರೆ ಕುಡಿಯಲು ಏನು ಬೇಕು, ಎಂಬ ಪ್ರಶ್ನೆ ಬಂದರೆ ಕುಳಿತು ಕುಡಿಯಿರಿ, ಅವಸರ ತೋರಬೇಡಿ. ಕಾಡಿನೊಳಗೆ, ಅದರಲ್ಲೂ ಜೊಯಿಡಾ ಕಡೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ತಂಗುವಂತಿಲ್ಲ. ಕರಡ (ಬೇಣದ ಹುಲ್ಲು) ಒಣಗಿ ನಿಂತಿರುವ ಕಾಲವಿದು. ಬಯಲಿನಲ್ಲಿ ಬೆಂಕಿ ಹಾಕಲೇಬೇಡಿ. ಕಡಲಂಚಿನ ಮರಳಿಗೂ ಗಾಡಿ ಇಳಿಸಬೇಡಿ, ಕಡಲಾಮೆಗಳು ಮೊಟ್ಟೆಯಿಡುವುದು ಇದೇ ತಿಂಗಳುಗಳಲ್ಲಿ.

ಮಂಗನ ಕಾಯಿಲೆಯನ್ನು ಹಗುರವಾಗಿ ಕಾಣಬೇಡಿ. 1957ರಲ್ಲಿ ನೆರೆಯ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಸಿದ್ದಾಪುರ ತಾಲ್ಲೂಕಿನಲ್ಲೂ ಜೀವ ತೆಗೆದಿದೆ. ಉಣುಗಿನ (ಉಣ್ಣೆಹುಳದ) ಕಡಿತದಿಂದ ಹರಡುವ ಇದರ ಕಾಲ ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ನಮ್ಮ ತಿರುಗಾಟದ ಕಾಲವೇ. ತರಗೆಲೆಯ ಮೇಲೆ ಕೂರಬೇಡಿ, ಮೈತುಂಬ ಬಟ್ಟೆ ತೊಡಿ, ಸಂಜೆ ಬಿಸಿನೀರಿನಲ್ಲಿ ಮಿಂದು ಮೈಯೆಲ್ಲ ಹುಡುಕಿ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ತಿರುಗಾಟ ಮುಗಿದು ವಾರ ಹತ್ತು ದಿನದೊಳಗೆ ಜ್ವರ ಬಂದರೆ ಎಲ್ಲೆಲ್ಲಿ ಹೋಗಿದ್ದಿರಿ ಎಂದು ವೈದ್ಯರಿಗೆ ಹೇಳಿ.

ಬಸ್ ತಿರುಗುವ ಬಯಲಿನಲ್ಲೇ ರಾತ್ರಿ ಕಳೆಯುವುದಾದರೆ ಟ್ರೇಲರ್‌ನ್ನು ಅಂಚಿಗೆ ಸರಿಸಿ, ಗಾಲಿಗಳಿಗೆ ಕಲ್ಲು ಕೊಟ್ಟ ಮೇಲೆಯೇ ಕಾರಿನಿಂದ ಕಳಚಿ. ರಾತ್ರಿ ಊರಲ್ಲೇ ತಂಗುವ ವಸತಿ ಬಸ್ ನಸುಕಿನಲ್ಲಿ ಹೊರಡುತ್ತದೆ. ಆಸ್ಪತ್ರೆಗೆ ಹೋಗುವವರೂ ಕಾಲೇಜಿನ ಮಕ್ಕಳೂ ಅದಕ್ಕಾಗಿಯೇ ಕಾದಿರುತ್ತಾರೆ. ಅದು ತಿರುಗುವ ಜಾಗವನ್ನು ಪೂರ್ತಿ ಬಿಟ್ಟಿರಿ.