ಇನ್ನೂ ಬಾರದ ಕರೆಗೆ ಸಿದ್ಧವಾಗಿರುವುದು: ಬೆಂಕಿ, ಆಂಬುಲೆನ್ಸ್ ಕಂಟ್ರೋಲ್ ರೂಮ್ ನಡೆಸುವ ಬಗೆ

ಕಂಟ್ರೋಲ್ ರೂಮಿನ ಉಸ್ತುವಾರಿ ಮೊದಲ ಸಲ ಹೆಗಲಿಗೆ ಬಿದ್ದವರು ನನ್ನ ಹತ್ತಿರ ಜಾಸ್ತಿ ಕೇಳುವುದು ಸಾಫ್ಟ್‌ವೇರ್ ಬಗ್ಗೆ. ಯಾವುದು ತೆಗೆದುಕೊಳ್ಳಬೇಕು, ಮ್ಯಾಪ್ ಹೇಗಿರಬೇಕು, ಗೋಡೆಗೆ ಎಷ್ಟು ದೊಡ್ಡ ಸ್ಕ್ರೀನ್ ಹಾಕಿಸಬೇಕು. ಅದೆಲ್ಲ ಆಮೇಲೆ. ಬೆಂಕಿ ಮತ್ತು ಆಂಬುಲೆನ್ಸ್ ಎರಡರ ಕರೆಗಳೂ ಬರುವ ರೂಮಿನಲ್ಲಿ ಬಹಳ ಕಾಲ ಶಿಫ್ಟ್ ಇನ್‌ಚಾರ್ಜ್ ಆಗಿದ್ದವಳು ನಾನು. ನಾನು ಹೇಳುವ ಎಲ್ಲದರ ಬುಡದಲ್ಲಿ ಇರುವುದು ಒಂದೇ ಮಾತು. ಈಗ ಬಂದಿರುವ ಕರೆಯನ್ನು ಫೋನಿನಲ್ಲಿರುವವರು ನೋಡಿಕೊಳ್ಳುತ್ತಾರೆ. ನೀವು ನೋಡಿಕೊಳ್ಳಬೇಕಾದದ್ದು ಇನ್ನೂ ಬಾರದ ಕರೆಯನ್ನು. ಅದು ಬಂದಾಗ ಫೋನ್ ಎತ್ತಲು ಒಬ್ಬರು ಖಾಲಿ ಇರಬೇಕು, ಕಳಿಸಲು ಒಂದು ಗಾಡಿ ಇರಬೇಕು.

ಆದ್ದರಿಂದ ಇನ್‌ಚಾರ್ಜ್ ಆದವರು ಹೆಡ್‌ಸೆಟ್ ಹಾಕಿಕೊಂಡು ಕಾಲ್ ತೆಗೆದುಕೊಳ್ಳಬಾರದು. ಗದ್ದಲ ಜಾಸ್ತಿಯಾದಾಗ ಸುಮ್ನೆ ನಿಲ್ಲುವುದು ಕಷ್ಟ, ಒಂದು ಕಾಲ್ ನಾನೇ ಎತ್ತಿಬಿಡೋಣ ಅನ್ನಿಸುತ್ತದೆ. ಎತ್ತಬೇಡಿ. ನೀವು ಒಂದು ಕರೆಯೊಳಗೆ ಹೋದಿರಿ ಅಂದರೆ ಇಡೀ ರೂಮನ್ನು ನೋಡುವ ಕಣ್ಣು ಇಲ್ಲವಾಯಿತು.

ಮೊದಲು ವಿಳಾಸ

"ಏನಾಯಿತು?" ಎಂಬುದಕ್ಕಿಂತ ಮುಂಚೆ "ಎಲ್ಲಿದ್ದೀರಿ?" ಎಂದು ಕೇಳಬೇಕು. ಲೈನ್ ಕಟ್ಟಾದರೆ, ಮಾತಾಡುವವರು ಪ್ರಜ್ಞೆ ತಪ್ಪಿದರೆ, ಕೈಯಲ್ಲಿ ವಿಳಾಸ ಇದ್ದರೆ ಗಾಡಿ ಕಳಿಸಬಹುದು. ಏನಾಯಿತು ಅಂತ ಮಾತ್ರ ಗೊತ್ತಿದ್ದರೆ ಏನೂ ಮಾಡಲಾಗುವುದಿಲ್ಲ. ಹೊಸಬರಿಗೆ ಇದನ್ನು ಕಲಿಸುವುದು ಸುಲಭವಲ್ಲ, ಯಾಕೆಂದರೆ ಅಳುತ್ತಿರುವವರನ್ನು ವಿಳಾಸ ಕೇಳಿ ತಡೆಯುವುದು ಒರಟುತನ ಅನ್ನಿಸುತ್ತದೆ. "ನಿಮ್ಮ ಹತ್ತಿರ ಬೇಗ ಬರಬೇಕು, ಮೊದಲು ಜಾಗ ಹೇಳಿ" ಎಂದು ಕಾರಣ ಸೇರಿಸಿ ಕೇಳಿದರೆ ಜನ ಹೇಳುತ್ತಾರೆ.

ಈಗ ಮೊಬೈಲೇ ಜಾಗ ತೋರಿಸುತ್ತದಲ್ಲ ಎನ್ನುವವರಿದ್ದಾರೆ. ಟವರ್ ಲೆಕ್ಕದಲ್ಲಿ ಸಿಗುವ ಜಾಗ ಕಿಲೋಮೀಟರ್‌ಗಟ್ಟಲೆ ಹರಡಿರಬಹುದು. ತುರ್ತು ನಂಬರ್ ಒತ್ತಿದ ಕೂಡಲೇ ಫೋನ್ ತಾನಾಗಿಯೇ ತನ್ನ ಜಾಗವನ್ನು ಕಳಿಸುವ ಅಡ್ವಾನ್ಸ್ಡ್ ಮೊಬೈಲ್ ಲೊಕೇಶನ್ ಎಂಬ ವ್ಯವಸ್ಥೆ 2014ರಲ್ಲಿ ಬ್ರಿಟನ್‌ನಲ್ಲಿ ಶುರುವಾಯಿತು. 2016ರಲ್ಲಿ ಆಂಡ್ರಾಯ್ಡ್‌ಗೂ 2018ರಲ್ಲಿ ಐಫೋನ್‌ಗೂ ಬಂತು. ನಿಮ್ಮಲ್ಲಿ ಅದು ಇದ್ದರೆ ದೊಡ್ಡ ಅನುಕೂಲ. ಆದರೂ ಅದರ ಮೇಲೇ ಭಾರ ಹಾಕಬೇಡಿ. ಎಷ್ಟನೇ ಮಹಡಿ, ಯಾವ ಗೇಟು, ಹಿಂದಿನ ಬಾಗಿಲೋ ಮುಂದಿನದೋ ಎಂಬುದನ್ನು ಬಾಯಿಂದಲೇ ಕೇಳಿ ತಿಳಿಯಬೇಕು. ಹೆದ್ದಾರಿಯಾದರೆ ಯಾವ ಕಡೆ ಹೋಗುತ್ತಿದ್ದಿರಿ ಎಂದು ಕೇಳಲೇಬೇಕು. ನಡುವೆ ಡಿವೈಡರ್ ಇದ್ದರೆ ಗಾಡಿ ಕಣ್ಣೆದುರೇ ಇದ್ದೂ ಬಹಳ ದೂರ ಸುತ್ತಿ ಬರಬೇಕಾಗುತ್ತದೆ.

ಕೇಳಿದ ವಿಳಾಸವನ್ನು ತಿರುಗಿ ಓದಿ ಹೇಳುವುದು ಕಡ್ಡಾಯ. ಒಂದೇ ಹೆಸರಿನ ಎರಡು ರಸ್ತೆಗಳು ಎಲ್ಲ ಊರುಗಳಲ್ಲೂ ಇರುತ್ತವೆ. ಅಂಥ ಜೋಡಿ ಹೆಸರುಗಳ ಪಟ್ಟಿ ಮಾಡಿಸಿ, ಕಾಲ್ ತೆಗೆದುಕೊಳ್ಳುವ ಪ್ರತಿ ಮೇಜಿನ ಮೇಲೂ ಅಂಟಿಸಿ. ನಾನು ನೋಡಿದ ಮಟ್ಟಿಗೆ ಆ ಒಂದು ಹಾಳೆಗೆ ಆಗುವ ಪ್ರಯೋಜನ ಗೋಡೆಯ ಸ್ಕ್ರೀನಿಗಿಂತ ಜಾಸ್ತಿ.

ಎರಡು ಪ್ರಶ್ನೆ, ಆಮೇಲೆ ಕೈ ಎದೆಯ ಮೇಲೆ

ವೈದ್ಯಕೀಯ ಕರೆಗಳಿಗೆ ಎಲ್ಲರೂ ಒಂದೇ ಕ್ರಮದಲ್ಲಿ ಪ್ರಶ್ನೆ ಕೇಳಬೇಕು. ಈ ಪದ್ಧತಿಗೆ ರೂಪ ಕೊಟ್ಟವರು ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಡಾಕ್ಟರ್ ಜೆಫ್ ಕ್ಲಾಸನ್. 1970ರ ದಶಕದ ಕೊನೆಯಲ್ಲಿ ಅವರು ಪ್ರಶ್ನೆಗಳನ್ನು ಕಾರ್ಡುಗಳ ಮೇಲೆ ಜೋಡಿಸಿದರು. ಇವತ್ತು ಬೇರೆ ಬೇರೆ ದೇಶಗಳಲ್ಲಿ ಬಳಸುವ ಆ ಪದ್ಧತಿಯಲ್ಲಿ ಕರೆಗಳಿಗೆ ಒಮೆಗಾ, ಆಲ್ಫಾ, ಬ್ರಾವೊ, ಚಾರ್ಲಿ, ಡೆಲ್ಟಾ, ಎಕೋ ಎಂದು ಆರು ಮಟ್ಟಗಳಿವೆ. ಎಕೋ ಅಂದರೆ ಉಳಿದ ಪ್ರಶ್ನೆಗಳಿಗೆ ಕಾಯದೆ ಗಾಡಿ ಹೊರಡಬೇಕಾದ ಕರೆ. ನೀವು ಅದನ್ನೇ ಬಳಸಿ, ಬೇರೆಯದನ್ನು ಬಳಸಿ, ಕ್ರಮ ಮಾತ್ರ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಾರದು. ಧ್ವನಿ ಬದಲಾಗಬಹುದು, ಬದಲಾಗಲೇಬೇಕು. ಮಗುವಿನ ತಾಯಿಯ ಹತ್ತಿರವೂ ಕಾರ್ಖಾನೆಯ ಮೇಸ್ತ್ರಿಯ ಹತ್ತಿರವೂ ಒಂದೇ ದನಿಯಲ್ಲಿ ಪಾಠ ಒಪ್ಪಿಸಿದರೆ ಇಬ್ಬರೂ ಕೇಳಿಸಿಕೊಳ್ಳುವುದಿಲ್ಲ.

ವಿಳಾಸ ಆದ ಮೇಲೆ ಎರಡು ಪ್ರಶ್ನೆ: ಎಚ್ಚರ ಇದ್ದಾರಾ? ಉಸಿರಾಟ ಸರಿಯಾಗಿದೆಯಾ? ಎರಡಕ್ಕೂ ಇಲ್ಲ ಎಂದರೆ ಹೃದಯ ನಿಂತಿದೆ ಎಂದೇ ತಿಳಿದು ಮುಂದುವರಿಯಬೇಕು. ಇಲ್ಲಿ ಒಂದು ಮೋಸ ಇದೆ. ಹೃದಯ ನಿಂತ ಮೇಲೂ ಕೆಲವರು ಆಗೊಮ್ಮೆ ಈಗೊಮ್ಮೆ ಗೊರ ಗೊರ ಎಂದು, ಬಾಯಿ ಬಾಯಿ ಬಿಡುತ್ತಾ ಉಸಿರೆಳೆಯುವಂತೆ ಕಾಣುತ್ತಾರೆ. ಪಕ್ಕದಲ್ಲಿರುವವರು "ಉಸಿರಾಡ್ತಿದ್ದಾರೆ" ಎಂದೇ ಹೇಳುತ್ತಾರೆ. ಅದು ಉಸಿರಾಟವಲ್ಲ. ಅದಕ್ಕೇ ಪ್ರಶ್ನೆಯಲ್ಲಿ "ಸರಿಯಾಗಿ" ಎಂಬ ಮಾತು ಇರಲೇಬೇಕು. ಅನುಮಾನ ಬಂದರೆ "ಪ್ರತಿ ಸಲ ಉಸಿರೆಳೆದಾಗ ಹೂಂ ಅನ್ನಿ" ಎಂದು ಹೇಳಿ ನೀವೇ ಲೆಕ್ಕ ಹಾಕಬೇಕು. ನಡುವಿನ ಅಂತರ ಕೇಳಿದರೆ ಗೊತ್ತಾಗಿಬಿಡುತ್ತದೆ.

ಆಮೇಲೆ "ಎದೆ ಒತ್ತಲು ನಿಮಗೆ ಬರುತ್ತದಾ?" ಎಂದು ಕೇಳಬೇಡಿ. ಬರುವುದಿಲ್ಲ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. "ಬನ್ನಿ, ಇಬ್ಬರೂ ಸೇರಿ ಮಾಡೋಣ, ನಾನು ಹೇಳಿಕೊಡುತ್ತೇನೆ" ಎನ್ನಬೇಕು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈ ಇಟ್ಟು, ಅದರ ಮೇಲೆ ಇನ್ನೊಂದು ಕೈ. ದೊಡ್ಡವರಿಗೆ ಕಡೇಪಕ್ಷ ಐದು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಕಾಲ್ ಟೇಕರ್ ತಾನೇ ಜೋರಾಗಿ ಎಣಿಸಬೇಕು, ಆ ಕಡೆಯವರನ್ನೂ ಎಣಿಸಲು ಹೇಳಬೇಕು. ಎದೆ ಒತ್ತದೆ ಹೋಗುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಗಾಡಿ ಎಷ್ಟೇ ವೇಗವಾಗಿ ಹೋಗಲಿ, ಆ ಮೊದಲ ನಿಮಿಷಗಳು ಫೋನಿನಲ್ಲಿ ಕೂತವರ ಕೈಯಲ್ಲೇ ಇರುತ್ತವೆ. ನನ್ನ ಪ್ರಕಾರ ಇಡೀ ರೂಮಿನ ಕೆಲಸದಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿಲ್ಲ. ತರಬೇತಿಯ ಅರ್ಧ ಸಮಯ ಇದಕ್ಕೇ ಕೊಡಿ. ಕಾಲ್ ಟೇಕರ್‌ಗಳನ್ನೂ ಗೊಂಬೆಯ ಮೇಲೆ ಎರಡು ನಿಮಿಷ ಬಿಡದೆ ಒತ್ತಿಸಿ. ತೋಳು ಎಷ್ಟು ಬೇಗ ಸೋಲುತ್ತದೆ ಎಂದು ಗೊತ್ತಾದವರು ಮಾತ್ರ "ಅಲ್ಲಿ ಇನ್ನೊಬ್ಬರು ಇದ್ದಾರಾ, ಸರದಿ ಬದಲಿಸಿ" ಎಂದು ಸರಿಯಾದ ಹೊತ್ತಿಗೆ ಹೇಳುತ್ತಾರೆ.

ಕಿರುಚುತ್ತಿರುವವರಿಗೆ "ಸಮಾಧಾನ ಮಾಡಿಕೊಳ್ಳಿ" ಎಂದರೆ ಉಪಯೋಗವಿಲ್ಲ. ಒಂದೇ ವಾಕ್ಯವನ್ನು, ಅದೇ ಮಾತುಗಳಲ್ಲಿ, ಅದೇ ದನಿಯಲ್ಲಿ ಮತ್ತೆ ಮತ್ತೆ ಹೇಳಬೇಕು: "ಅಪ್ಪನಿಗೆ ಸಹಾಯ ಮಾಡಬೇಕು, ನನ್ನ ಮಾತು ಕೇಳಿ." ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಆ ಮಾತು ಒಳಗೆ ಇಳಿಯುತ್ತದೆ. "ನಾವು ಮಾತಾಡುತ್ತಿರುವಾಗಲೇ ಗಾಡಿ ಹೊರಟಿದೆ" ಎಂದೂ ಹೇಳಲೇಬೇಕು. ಪ್ರಶ್ನೆ ಕೇಳುತ್ತಾ ಕೂತರೆ ಗಾಡಿ ಬರುವುದು ತಡವಾಗುತ್ತದೆ ಎಂದೇ ಎಷ್ಟೋ ಜನ ಸಿಟ್ಟಾಗುತ್ತಾರೆ. ಕಾಲ್ ತೆಗೆದುಕೊಳ್ಳುವವರು ಬೇರೆ, ಗಾಡಿ ಕಳಿಸುವವರು ಬೇರೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ, ಅಲ್ವಾ?

ಬೆಂಕಿಯ ಕರೆ

ಬೆಂಕಿಯಲ್ಲಿ ಕೇಳಬೇಕಾದದ್ದು ಕಡಿಮೆ: ಒಳಗೆ ಯಾರಿದ್ದಾರೆ, ಏನು ಉರಿಯುತ್ತಿದೆ, ಕಟ್ಟಡ ಎಷ್ಟು ಮಹಡಿ, ಗ್ಯಾಸ್ ಸಿಲಿಂಡರ್ ಅಥವಾ ಕೆಮಿಕಲ್ ಏನಾದರೂ ಇದೆಯಾ. ಹೇಳಬೇಕಾದದ್ದು ಇನ್ನೂ ಕಡಿಮೆ: ಹೊರಗೆ ಬನ್ನಿ, ಬರುವಾಗ ಬಾಗಿಲು ಎಳೆದುಕೊಳ್ಳಿ, ಲಿಫ್ಟ್ ಬೇಡ, ಏನೇ ಮರೆತಿದ್ದರೂ ತಿರುಗಿ ಹೋಗಬೇಡಿ. ಮುಚ್ಚಿದ ಬಾಗಿಲು ಹೊಗೆಯನ್ನೂ ಬೆಂಕಿಯನ್ನೂ ತಡೆದು ಅಮೂಲ್ಯವಾದ ನಿಮಿಷಗಳನ್ನು ಕೊಡುತ್ತದೆ.

ಒಳಗೆ ಸಿಕ್ಕಿಹಾಕಿಕೊಂಡವರ ಕರೆ ಬಂದರೆ ಬೇರೆ ಲೆಕ್ಕ. ಬಾಗಿಲು ಮುಚ್ಚಿಸಿ, ಸಂದಿಗೆ ಒದ್ದೆ ಬಟ್ಟೆ ತುರುಕಿಸಿ, ನೆಲಕ್ಕೆ ಹತ್ತಿರವಾಗಿ ಕಿಟಕಿಯ ಬಳಿ ಇರಿಸಿ. ಲೈನ್ ಬಿಡಬೇಡಿ. ಮಹಡಿ, ಮನೆ ನಂಬರ್, ಎಷ್ಟು ಜನ ಎಂಬುದನ್ನು ಕೂಡಲೇ ವೈರ್‌ಲೆಸ್ಸಿನಲ್ಲಿ ಸ್ಥಳದ ಅಧಿಕಾರಿಗೆ ತಲುಪಿಸಬೇಕು. ಅಲ್ಲಿಂದ ತಿರುಗಿ ಉತ್ತರವೂ ಬರಬೇಕು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್ಫೆಲ್ ಟವರ್ ಎಂಬ ಎತ್ತರದ ವಸತಿ ಕಟ್ಟಡ ಹೊತ್ತಿದಾಗ 72 ಜನ ಸತ್ತರು. ಮೊದಲ ಕರೆ ಬಂದದ್ದು ರಾತ್ರಿ 12.54ಕ್ಕೆ. ಮನೆಯೊಳಗೇ ಇರಿ ಎಂದು ಅಲ್ಲಿನವರಿಗೆ ಕೊಡುತ್ತಿದ್ದ ಸಲಹೆಯನ್ನು ಪೂರ್ತಿಯಾಗಿ ಕೈಬಿಟ್ಟದ್ದು 2.47ಕ್ಕೆ. 1.30ರಿಂದ 1.50ರ ಒಳಗೇ ಅದನ್ನು ಬಿಡಬೇಕಿತ್ತು ಎಂದು 2019ರ ತನಿಖಾ ವರದಿ ಹೇಳಿತು. ಫೋನಿನಲ್ಲಿರುವವರು ಒಳಗಿನ ಸ್ಥಿತಿ ಕೇಳುತ್ತಿದ್ದರು, ಸ್ಥಳದಲ್ಲಿದ್ದವರು ಹೊರಗಿನ ಬೆಂಕಿ ನೋಡುತ್ತಿದ್ದರು. ಎರಡೂ ಚಿತ್ರಗಳು ಸರಿಯಾಗಿ ಒಂದೆಡೆ ಸೇರಲಿಲ್ಲ. ಅದಕ್ಕೇ ಎತ್ತರದ ಕಟ್ಟಡದ ಬೆಂಕಿಗೆ ರೂಮಿನಲ್ಲಿ ಒಬ್ಬರನ್ನು ಈ ಒಂದೇ ಕೆಲಸಕ್ಕೆ ಕೂರಿಸಿ. ಅವರು ಕಾಲ್ ಎತ್ತಬಾರದು. ಒಳಗಿರುವವರ ಪಟ್ಟಿ ಇಟ್ಟುಕೊಂಡು ಸ್ಥಳದವರ ಜೊತೆ ಮಾತಾಡುತ್ತಾ, ಸಲಹೆ ಬದಲಾಗಬೇಕಾ ಎಂದು ಪದೇ ಪದೇ ಕೇಳುತ್ತಿರಬೇಕು.

ದೊಡ್ಡ ರಸ್ತೆಯ ಪಕ್ಕ ಬೆಂಕಿ ಬಿದ್ದರೆ ಹಾದುಹೋಗುವ ಎಲ್ಲರೂ ಫೋನ್ ಮಾಡುತ್ತಾರೆ. ಎಲ್ಲ ಲೈನ್ ತುಂಬುತ್ತದೆ. ಅದೇ ಹೊತ್ತಿಗೆ ಎಲ್ಲೋ ಒಬ್ಬರ ಎದೆನೋವಿನ ಕರೆ ಸಾಲಿನ ಹಿಂದೆ ಕಾಯುತ್ತಿರುತ್ತದೆ. ಇನ್‌ಚಾರ್ಜ್ ಎದ್ದು ನಿಲ್ಲಬೇಕಾದ ಹೊತ್ತು ಅದು. "ಅದೇ ಬೆಂಕಿಯಾದರೆ ಮೂರು ಪ್ರಶ್ನೆ ಸಾಕು: ಯಾವ ಜಾಗ, ಒಳಗೆ ಯಾರಾದರೂ ಇದ್ದಾರಾ, ನಿಮಗೆ ಪೆಟ್ಟಾಗಿದೆಯಾ" ಎಂದು ಜೋರಾಗಿ ಹೇಳಿ. ಜಾಗ ಕೇಳದೆ ಮಾತ್ರ ಇಡಬಾರದು. ಅದೇ ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ಮುಂದೆ ಬೇರೆಯೇ ಅಪಘಾತ ಆಗಿರಬಹುದು.

ಎಷ್ಟು ಜನ, ಎಷ್ಟು ಗಾಡಿ

ಫೋನ್ ಎತ್ತಲು ಎಷ್ಟು ಜನ ಬೇಕು ಎಂಬ ಲೆಕ್ಕ ಹಳೆಯದು. ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಎರ್ಲಾಂಗ್ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಗಾಗಿ ಮಾಡಿದ ಸೂತ್ರಗಳನ್ನು 1917ರಲ್ಲಿ ಪ್ರಕಟಿಸಿದರು. ಇವತ್ತಿಗೂ ಅದೇ ಆಧಾರ. ಅದರ ತಿರುಳು ಇಷ್ಟು: ಎಲ್ಲರೂ ಎಲ್ಲ ಹೊತ್ತೂ ಕೆಲಸದಲ್ಲಿರುವಂತೆ ಜನರನ್ನು ಇಟ್ಟರೆ ಕಾಯುವ ಸಾಲು ಒಮ್ಮೆಗೇ ಬೆಳೆದುಬಿಡುತ್ತದೆ. ಕೆಲವರು ಸುಮ್ನೆ ಕೂತಿದ್ದಾರೆ ಎಂದು ಲೆಕ್ಕಪತ್ರದವರು ಆಕ್ಷೇಪ ಎತ್ತಿದರೆ ಈ ಸೂತ್ರವನ್ನೇ ಮುಂದಿಡಿ. ತುರ್ತು ಕರೆಗಳ ವ್ಯವಸ್ಥೆ ನೋಡಿಕೊಳ್ಳುವವರ ಸಂಘಟನೆಯಾದ ಅಮೆರಿಕದ ನೆನಾ ಸಂಸ್ಥೆಯ ಮಾನದಂಡ ಶೇ. 90 ಕರೆಗಳನ್ನು 15 ಸೆಕೆಂಡಿನೊಳಗೆ, ಶೇ. 95 ಕರೆಗಳನ್ನು 20 ಸೆಕೆಂಡಿನೊಳಗೆ ಎತ್ತಬೇಕು ಎನ್ನುತ್ತದೆ. ತಿಂಗಳ ಸರಾಸರಿ ನೋಡಿ ಖುಷಿಪಡಬೇಡಿ. ದಿನದ ಅತಿ ಕೆಟ್ಟ ಒಂದು ಗಂಟೆಯನ್ನು ತೆಗೆದು ನೋಡಿ. ಜನರನ್ನು ಇಡಬೇಕಾದದ್ದು ಆ ಗಂಟೆಗೆ.

ಗಾಡಿಗಳ ವಿಷಯದಲ್ಲಿ ಮೊದಲೇ ಕಾಗದದ ಮೇಲೆ ತೀರ್ಮಾನ ಆಗಿರಬೇಕು. ಖಾಲಿ ಆಂಬುಲೆನ್ಸ್ ಇಷ್ಟಕ್ಕೆ ಇಳಿದರೆ ಯಾವುದು ಎಲ್ಲಿಗೆ ಸರಿಯಬೇಕು, ಯಾವ ಬಗೆಯ ಕರೆ ಕಾಯಬಹುದು, ಪಕ್ಕದ ಊರಿನವರನ್ನು ಯಾವಾಗ ಕೇಳಬೇಕು. ಕೊನೆಯ ಗಾಡಿ ಹೊರಟ ಮೇಲೆ ಯೋಚಿಸಿದರೆ ತಡವಾಗುತ್ತದೆ. ಹತ್ತಿರದ ಗಾಡಿ ಹೋಗಬೇಕು, ಅದು ಯಾರ ಸರಹದ್ದಿನದು ಎಂಬ ಜಗಳ ಆಮೇಲೆ ಮಾಡಬಹುದು. ಆಸ್ಪತ್ರೆಯ ಬಾಗಿಲಲ್ಲಿ ಆಂಬುಲೆನ್ಸ್‌ಗಳು ರೋಗಿಯನ್ನು ಒಪ್ಪಿಸಲಾಗದೆ ನಿಂತಿದ್ದರೆ, ಎರಡನೆಯದು ನಿಂತಾಗಲೇ ಆಸ್ಪತ್ರೆಗೆ ನೀವೇ ಫೋನ್ ಮಾಡಿ. ಡ್ರೈವರ್ ಮಾಡಿದರೆ ಕೇಳುವುದಿಲ್ಲ, ಇನ್‌ಚಾರ್ಜ್ ಮಾಡಿದರೆ ಕೇಳುತ್ತಾರೆ.

ಕಂಪ್ಯೂಟರ್ ನಿಂತಾಗ ಏನು ಮಾಡಬೇಕು ಎಂಬುದು ಪುಸ್ತಕದಲ್ಲಿದ್ದರೆ ಸಾಲದು. ತಿಂಗಳಿಗೊಮ್ಮೆ ಕರೆ ಕಡಿಮೆ ಇರುವ ಹೊತ್ತಿನಲ್ಲಿ ಒಂದು ಗಂಟೆ ಕಾಗದದ ಮೇಲೆ ಕೆಲಸ ಮಾಡಿಸಿ. ಜನರೇಟರನ್ನು ಸುಮ್ನೆ ಆನ್ ಮಾಡಿ ಆಫ್ ಮಾಡುವುದು ಪರೀಕ್ಷೆಯಲ್ಲ. ಇಡೀ ರೂಮಿನ ಲೋಡ್ ಅದರ ಮೇಲೆ ಹಾಕಿ ನೋಡಿ.

ಕೂತವರ ಬಗ್ಗೆ

ಕೆಟ್ಟ ಕರೆಯೊಂದು ಮುಗಿದ ಕೂಡಲೇ ಆ ಕಾಲ್ ಟೇಕರನ್ನು ಎಬ್ಬಿಸಿ ಹೊರಗೆ ಕಳಿಸಿ. "ಆರಾಮಾಗಿದ್ದೀರಾ?" ಎಂದು ಎಲ್ಲರೆದುರು ಕೇಳಬೇಡಿ, ಹೂಂ ಎಂದೇ ಹೇಳುತ್ತಾರೆ. "ಹತ್ತು ನಿಮಿಷ ಎದ್ದು ಬನ್ನಿ, ನಿಮ್ಮ ಜಾಗಕ್ಕೆ ಇವರು ಕೂರುತ್ತಾರೆ" ಎನ್ನಿ. ಆ ರೋಗಿ ಏನಾದರು ಎಂಬುದನ್ನು ವಿಚಾರಿಸಿ ತಿಳಿಸುವುದೂ ನಿಮ್ಮ ಕೆಲಸ. ಸ್ಥಳಕ್ಕೆ ಹೋದವರಿಗೆ ಗೊತ್ತಾಗುತ್ತದೆ. ಫೋನಿನಲ್ಲಿದ್ದವರಿಗೆ ಗಾಡಿ ತಲುಪಿದ ಕ್ಷಣಕ್ಕೆ ಕಥೆ ಕಟ್ಟಾಗುತ್ತದೆ, ಅರ್ಧ ತಿಳಿದದ್ದು ಮನೆಗೂ ಹಿಂಬಾಲಿಸುತ್ತದೆ.

ರೆಕಾರ್ಡಿಂಗ್ ಕೇಳುವುದನ್ನು ದೂರು ಬಂದಾಗ ಮಾತ್ರ ಮಾಡಿದರೆ ಅದು ಶಿಕ್ಷೆ ಎನಿಸುತ್ತದೆ. ಪ್ರತಿ ವಾರ ಕೆಲವು ಕರೆಗಳನ್ನು ಯಾವುದೆಂದು ನೋಡದೆ ಎತ್ತಿ ಕೇಳಿ. ಕರೆ ತೆಗೆದುಕೊಂಡವರೇ ಮೊದಲು ಕೇಳಿ ತಮ್ಮ ಅಭಿಪ್ರಾಯ ಹೇಳಲಿ. ಚೆನ್ನಾಗಿ ನಡೆಸಿದ ಕರೆಗಳನ್ನು, ಅವರ ಒಪ್ಪಿಗೆ ಪಡೆದು, ಹೊಸಬರಿಗೆ ಕೇಳಿಸಿ.

ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಏಳಬಾರದು, ಒಂದೊಂದೇ ಮೇಜು ಬದಲಾಗಬೇಕು. ಕರೆಯ ಮಧ್ಯದಲ್ಲಿರುವವರು ಅದನ್ನು ಮುಗಿಸಿಯೇ ಏಳಬೇಕು. ಇನ್‌ಚಾರ್ಜ್‌ನಿಂದ ಇನ್‌ಚಾರ್ಜ್‌ಗೆ ಎದುರುಬದುರು ಕೂತು ಬಾಯಲ್ಲಿ ಹೇಳಬೇಕು, ಪುಸ್ತಕದಲ್ಲೂ ಬರೆಯಬೇಕು: ಇನ್ನೂ ನಡೆಯುತ್ತಿರುವ ಘಟನೆಗಳು, ಕೆಟ್ಟು ನಿಂತ ಗಾಡಿಗಳು, ಮುಚ್ಚಿರುವ ರಸ್ತೆಗಳು, ನೀರು ಬಾರದ ಹೈಡ್ರಂಟ್‌ಗಳು, ರೋಗಿಗಳನ್ನು ತೆಗೆದುಕೊಳ್ಳದ ಆಸ್ಪತ್ರೆ ಯಾವುದು, ಕೆಟ್ಟ ಕರೆ ಸಿಕ್ಕವರು ಯಾರು. ಬಂದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಿದ ಮೇಲೆಯೇ ನೀವು ಕುರ್ಚಿ ಬಿಡಬಹುದು.